ಗೆಣ್ಣೋ, ಗೇಣೋ?

ನಮ್ಮ ಮನೆಗೆ ಮೊನ್ನೆ ಹೊಸ ಫ್ರಿಜ್ ಬಂತು. ತಂದಿಟ್ಟ ಅಂಗಡಿಯವನು ಅದರ ಬಾಗಿಲು ತೆರೆದು ತೋರಿಸಿ, "ಇದರಲ್ಲಿ ಐಸ್ ಕಟ್ಟುವುದೇ ಇಲ್ಲ ಸರ್, ಇನ್ನು ಕೆರೆಯುವ ಕೆಲಸ ಇಲ್ಲ" ಎಂದ. ನನ್ನ ಹೆಂಡತಿ ವಾರಿಜಳ ಮುಖ ಅರಳಿತು, ನನ್ನದು ಬಾಡಿತು. ಹೊಸ ಸಾಮಾನು ಮನೆಗೆ ಬಂದ ದಿನ ಹೀಗೆ ಹುಳ್ಳಗೆ ಮುಖ ಮಾಡಿ ನಿಲ್ಲುವ ಗಂಡನನ್ನು ಯಾವ ಹೆಂಡತಿ ಸಹಿಸಿಯಾಳು? "ಎಂತ ಆಯ್ತು ನಿಮಗೆ? ಹಳೇದನ್ನು ಕೊಟ್ಟದ್ದಕ್ಕೆ ಬೇಜಾರಾ?" ಎಂದು ಕೇಳಿದಳು. ಹೌದೆನ್ನಲು ನಾಚಿಕೆಯಾಯಿತು. ಹಿಮದ ಬಗ್ಗೆ ನನಗಿರುವ ಅಷ್ಟೂ ಪಾಂಡಿತ್ಯ ಫ್ರೀಜರಿನ ಗೋಡೆಯಿಂದ ಕೆರೆದು ಸಂಪಾದಿಸಿದ್ದು ಎಂದರೆ ನೀವೂ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಆ ಪಾಂಡಿತ್ಯವನ್ನೇ ನೆಚ್ಚಿಕೊಂಡು ಒಂದು ಕಾಲದಲ್ಲಿ ಒಂದು ಮದುವೆ ನಡೆಯಬೇಕಾಗಿತ್ತು.

ಆಗ ನಾವು ಒಮಾನಿನಲ್ಲಿದ್ದೆವು. ಎಂಬತ್ತರ ದಶಕದ ಕೊನೆ. ನಾನು ವಿಮಾನ ನಿಲ್ದಾಣದ ಹತ್ತಿರದ ಹವಾಮಾನ ಕಚೇರಿಗೆ ನಕ್ಷೆ ಬರೆಯುವವನಾಗಿ ಸೇರಿ, ಕೆಲವು ವರ್ಷಗಳಲ್ಲಿ ಕಿರಿಯ ಮುನ್ಸೂಚಕ ಎಂಬ ಪದವಿಗೆ ಏರಿದ್ದೆ. ಮರುಭೂಮಿಯ ದೇಶದಲ್ಲಿ ಹವಾಮಾನ ಹೇಳುವುದು ಎಷ್ಟು ಸುಖದ ಉದ್ಯೋಗ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ವರ್ಷದ ಬಹುಪಾಲು ದಿನ "ನಾಳೆಯೂ ಬಿಸಿಲು" ಎಂದು ಬರೆದರೆ ಆಯಿತು, ಸೂರ್ಯ ಬಂದು ನಮ್ಮ ಮಾನ ಉಳಿಸುತ್ತಾನೆ. ಆದರೂ ಅಲ್ಲಿನ ನಮ್ಮೂರವರು ನನ್ನನ್ನು ಮಳೆರಾಯ ಎಂದೇ ಕರೆಯುತ್ತಿದ್ದರು. ಶುಕ್ರವಾರದ ಪಿಕ್‌ನಿಕ್ಕಿಗೆ ಮೊದಲು ತಪ್ಪದೆ ಫೋನು ಮಾಡಿ, "ಶೆಟ್ರೇ, ಮಳೆ ಉಂಟಾ?" ಎಂದು ವಿಚಾರಿಸುತ್ತಿದ್ದರು. ಇಲ್ಲ ಎಂದರೆ ಅವರ ದನಿಯಲ್ಲಿ ನಿರಾಸೆ ಇಣುಕುತ್ತಿತ್ತು. ಮಳೆಯ ಊರು ಬಿಟ್ಟು ಬಂದವರಿಗೆ ಮಳೆ ಇಲ್ಲ ಎನ್ನುವುದು ಒಳ್ಳೆಯ ಸುದ್ದಿಯಲ್ಲ ಎಂದು ನನಗೆ ತಡವಾಗಿ ಹೊಳೆಯಿತು.

ನಿಜ ಹೇಳಬೇಕೆಂದರೆ ನಮ್ಮ ಮನೆತನದ ಮೊದಲ ಮುನ್ಸೂಚಕಿ ನನ್ನ ಅಮ್ಮ. ಹಪ್ಪಳ ಒಣಗಿಸುವ ದಿನಗಳಲ್ಲಿ ಅವಳು ಅಂಗಳದ ಅಂಚಿಗೆ ನಿಂತು ಪಡುವಣ ದಿಕ್ಕಿಗೆ ಮೂಗು ಎತ್ತಿ ಗಾಳಿ ಮೂಸುತ್ತಿದ್ದಳು. ಮಳೆ ಬರುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗುವವಳಲ್ಲ, ಎಷ್ಟು ಎಂದೂ ಹೇಳುತ್ತಿದ್ದಳು. ಸೆರಗು ಒದ್ದೆಯಾಗುವಷ್ಟು, ಕೊಡೆ ಬೇಕಾಗುವಷ್ಟು, ಶಾಲೆಗೆ ರಜೆ ಕೊಡುವಷ್ಟು. ಮೂರನೆಯ ಪ್ರಮಾಣ ಕೇಳಿದರೆ ನಾವು ಮಕ್ಕಳು ಕುಣಿಯುತ್ತಿದ್ದೆವು. ಒಮ್ಮೆ ಅವಳು ರಜೆ ಕೊಡುವಷ್ಟು ಎಂದದ್ದನ್ನು ನಂಬಿ ನಾನು ಲೆಕ್ಕ ಮಾಡದೆ ಮಲಗಿದೆ. ಮರುದಿನ ಬಿದ್ದದ್ದು ಸೆರಗು ಒದ್ದೆಯಾಗುವಷ್ಟೇ, ಒದ್ದೆಯಾದದ್ದು ಮೇಷ್ಟ್ರ ಮುಂದೆ ನಿಂತ ನನ್ನ ಕಣ್ಣು. ಮಳೆ ಬರುತ್ತದೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಎಂಬುದೇ ಮನುಷ್ಯನನ್ನು ಕಾಡುವ ಪ್ರಶ್ನೆ ಎಂಬ ಪಾಠವನ್ನು ನಾನು ಕಲಿತದ್ದು ಆವತ್ತು.

ಕಚೇರಿಯಲ್ಲಿ ನನ್ನ ಹಿರಿಯರು ಇದ್ರೀಸ್ ಸಾಹೇಬರು. ಸುಡಾನಿನವರು, ಆರಡಿ ಎತ್ತರ, ಮೆತ್ತಗಿನ ಮಾತು. ಅರಬಿಯಲ್ಲಿ 'ಶಿತಾ' ಎಂದರೆ ಚಳಿಗಾಲ. ಶೆಟ್ಟಿ ಎಂಬ ನನ್ನ ಹೆಸರು ಕಿವಿಗೆ ಬಿದ್ದ ದಿನವೇ ಅವರು, "ನೀನು ಹೆಸರಿನಲ್ಲೇ ಚಳಿಗಾಲ ಇಟ್ಟುಕೊಂಡವನು" ಎಂದು ಚಳಿಗಾಲದ ಮೋಡಗಳ ಉಸ್ತುವಾರಿಯನ್ನೆಲ್ಲ ನನಗೆ ವಹಿಸಿಬಿಟ್ಟರು. ನಮ್ಮ ಕಡೆಯ ಶೆಟ್ಟರು ಚಳಿ ಎಂದರೆ ಕಿವಿಗೆ ಬೈರಾಸು ಸುತ್ತುವವರು ಎಂದು ಅವರಿಗೆ ಯಾರು ಹೇಳಬೇಕು?

ಆ ದೇಶದ ಚಳಿಗಾಲದ ಮಳೆಗೆ ಒಂದು ದಾರಿ ಉಂಟು. ಮೋಡದ ಪಟ್ಟಿಯೊಂದು ಪಶ್ಚಿಮದಿಂದ ಕೊಲ್ಲಿಯ ಮೇಲೆ ಸಾಗಿ ಬಂದು, ಸಮುದ್ರದ ಆವಿಯನ್ನು ಹೊಟ್ಟೆ ತುಂಬ ಕುಡಿದು, ಕರಾವಳಿಯ ಬೆನ್ನಿಗೇ ಎದ್ದು ನಿಂತ ಬೆಟ್ಟಗಳಿಗೆ ಡಿಕ್ಕಿ ಹೊಡೆಯುತ್ತದೆ. ಕೆಳಗೆ ಮಸ್ಕತ್ತಿನಲ್ಲಿ ಮಳೆ ಬೀಳುತ್ತದೆ. ಮೇಲೆ ಜಬಲ್ ಅಖ್ದರ್ ಎಂಬ ಬೆಟ್ಟದಲ್ಲಿ ಏನು ಬೀಳುತ್ತದೆ ಎನ್ನುವುದು ದೇವರಿಗೇ ಗೊತ್ತು. ಗಾಳಿ ತುಸು ಬೆಚ್ಚಗಿದ್ದರೆ ಮಳೆ, ತುಸು ತಣ್ಣಗಿದ್ದರೆ ಹಿಮ, ನಡುವೆ ಸಿಕ್ಕಿಕೊಂಡರೆ ಎರಡೂ ಅಲ್ಲದ ಪಿಚಿಪಿಚಿ. ಹಿಮವಾಗಿಯೇ ಬಿದ್ದರೂ ಬೆಚ್ಚಗಿನ ಬಂಡೆಯ ಮೇಲೆ ಬಿದ್ದದ್ದು ಅಲ್ಲೇ ಕರಗಿ ಹೋಗುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ಎಷ್ಟು ತಣ್ಣಗಿದೆ ಎಂದು ತಿಳಿಯಲು ನಾವು ವಿಮಾನ ನಿಲ್ದಾಣದಿಂದ ಬೆಲೂನು ಬಿಡುತ್ತಿದ್ದೆವು. ಬೆಲೂನು ಹಾರುವುದು ಇಲ್ಲಿ, ಬೆಟ್ಟ ಇರುವುದು ಅಷ್ಟು ದೂರದಲ್ಲಿ. ಉಡುಪಿಯಲ್ಲಿ ನಾಡಿ ಹಿಡಿದು ಕುಂದಾಪುರದವನಿಗೆ ಮದ್ದು ಕೊಟ್ಟ ಹಾಗೆ.

ಪುಸ್ತಕದಲ್ಲಿ ಒಂದು ಸೂತ್ರವಿತ್ತು: ಒಂದು ಪಾಲು ನೀರಿಗೆ ಹತ್ತು ಪಾಲು ಹಿಮ. ಪುಸ್ತಕ ಬರೆದವರು ಹಿಮದ ದೇಶದವರು, ನಮ್ಮ ಕಚೇರಿಯಲ್ಲಿ ಹಿಮವನ್ನು ಕಣ್ಣಿಂದ ಕಂಡವರು ಒಬ್ಬರೂ ಇರಲಿಲ್ಲ. ಹಾಗಾಗಿ ನಾನು ಅಲ್ ಖುವೈರಿನ ನಮ್ಮ ಫ್ಲ್ಯಾಟಿನಲ್ಲಿ ಫ್ರೀಜರಿನ ಗೋಡೆ ಕೆರೆದು, ಬಿಳಿ ಪುಡಿಯನ್ನು ಚೊಂಬಿಗೆ ತುಂಬಿ, ಕರಗಿಸಿ ಅಳೆಯಲು ತೊಡಗಿದೆ. ಒಂದು ದಿನ ಹತ್ತಕ್ಕೆ ಒಂದು ಬಂದರೆ ಮರುದಿನ ನಾಲ್ಕಕ್ಕೆ ಒಂದು ಬರುತ್ತಿತ್ತು. ವಾರಿಜ ಬಾಗಿಲು ತೆರೆದು ಎಷ್ಟು ಹೊತ್ತು ಯೋಚಿಸುತ್ತಾ ನಿಂತಿದ್ದಳು ಎಂಬುದರ ಮೇಲೆ ಹಿಮದ ಗುಣ ಬದಲಾಗುತ್ತದೆ ಎಂದು ಕಂಡುಕೊಂಡೆ. ಕರಗಿದ ನೀರಿಗೆ ಬಂಗುಡೆ ಮೀನಿನ ವಾಸನೆ. "ಚೊಂಬು ಇನ್ನು ನಿಮ್ಮದೇ, ನನಗೆ ಬೇಡ" ಎಂದು ಅವಳು ಅದನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು.

ಇಂಥ ಪಂಡಿತನಿಗೆ ಫೆಬ್ರವರಿಯ ಒಂದು ಸೋಮವಾರ ಐರಿನ್ ಫೋನು ಮಾಡಿದಳು.

ಐರಿನ್ ಕಲ್ಯಾಣಪುರದ ಹುಡುಗಿ, ನರ್ಸ್. ಒಮಾನಿಗೆ ಹೊಸತಾಗಿ ಬಂದಾಗ ಕೆಲವು ವಾರ ನಮ್ಮ ಮನೆಯಲ್ಲೇ ಇದ್ದಳು. ಆಮೇಲೆ ಅವಳನ್ನು ಜಬಲ್ ಅಖ್ದರಿನ ಮೇಲಿನ ಸಣ್ಣ ಆಸ್ಪತ್ರೆಗೆ ಹಾಕಿದರು. ಯಾರೂ ಹೋಗಲು ಒಪ್ಪದ ಜಾಗ. ಅವಳು ತುಟಿ ಬಿಚ್ಚದೆ ಹೋದಳು. ಮನೆಯ ಹಿರಿಮಗಳು, ತಂಗಿಯಂದಿರ ಮದುವೆಯನ್ನೆಲ್ಲ ಮಾಡಿಸಿ ತನ್ನದನ್ನು ಮರೆತವಳು ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಮೂವತ್ತು ದಾಟಿದ ಮೇಲೆ ಲ್ಯಾನ್ಸಿ ಎಂಬ ಲೆಕ್ಕದ ಮೇಷ್ಟ್ರ ಸಂಬಂಧ ಕೂಡಿಬಂತು. ಇಗರ್ಜಿಯಲ್ಲಿ ಮದುವೆಯ ಪ್ರಕಟಣೆಗೆ ಇಬ್ಬರ ಹೆಸರು ಓದಿ ಆಗಿತ್ತು. ಮುಂದಿನ ಸೋಮವಾರ ಮದುವೆ. ಅದರ ಹಿಂದಿನ ದಿನ ರೋಸ್, ಎಂದರೆ ತೆಂಗಿನ ಹಾಲು ಹಚ್ಚಿ ಮದುಮಗಳನ್ನು ಮೀಯಿಸುವ ಶಾಸ್ತ್ರ. ಆ ವಾರ ತಪ್ಪಿದರೆ ಕ್ರೈಸ್ತರ ಉಪವಾಸದ ಕಾಲ ಶುರುವಾಗುತ್ತದೆ, ಈಸ್ಟರ್ ಕಳೆಯುವವರೆಗೆ ಮದುವೆ ಇಲ್ಲ. ಅಷ್ಟರಲ್ಲಿ ಅವಳ ರಜೆ ಮುಗಿದಿರುತ್ತದೆ, ಮುಂದಿನ ರಜೆ ಎರಡು ವರ್ಷ ಕಳೆದ ಮೇಲೆ. ಇನ್ನು ಕಾಯಲು ಆಗುವುದಿಲ್ಲ ಎಂದು ಲ್ಯಾನ್ಸಿಯ ತಾಯಿ ಆಗಲೇ ಹೇಳಿದ್ದರು. ಗುರುವಾರ ಸಂಜೆಯ ಬೊಂಬಾಯಿ ವಿಮಾನದಲ್ಲಿ ಸಿಕ್ಕಿದ್ದು ಒಂದೇ ಒಂದು ಸೀಟು.

"ಶೆಟ್ರೇ, ನಾನು ಐರಿನ್. ಬುಧವಾರ ಮಧ್ಯಾಹ್ನ ಇಲ್ಲಿಂದ ಇಳಿತೇನೆ. ರಾತ್ರಿ ಊಟಕ್ಕೆ ನಿಮ್ಮಲ್ಲಿಗೇ ಅಂತ ವಾರಿಜಕ್ಕನಿಗೆ ಹೇಳಿ" ಎಂದಳು. ಬೆಟ್ಟದ ಫೋನಿನಲ್ಲಿ ಅವಳ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

ನನ್ನ ಮೇಜಿನ ಮೇಲೆ ಆಗಷ್ಟೇ ಬರೆದ ನಕ್ಷೆ ಇತ್ತು. ಮೋಡದ ಪಟ್ಟಿ ಹೊರಟಾಗಿತ್ತು. "ಬುಧವಾರ ಮಂಜು ಬೀಳುವ ಹಾಗೆ ಕಾಣ್ತದೆ ಐರಿನ್" ಎಂದೆ.

"ಬೀಳ್ಲಿ ಮಾರಾಯ್ರೆ. ಹತ್ತು ಗಂಟೆಗೆ ಬಿಸಿಲು ಬಂದ್ರೆ ಹೋಗ್ತದೆ ಅಲ್ವಾ?"

ತಪ್ಪು ಅವಳದ್ದಲ್ಲ. ನಮ್ಮ ಕಡೆ ಮಂಜು ಎಂದರೆ ಗೇರುಹೂ ಕರಟಿಸುವ ಇಬ್ಬನಿ, ಬೆಳಗಿನ ಬಸ್ಸನ್ನು ತಡ ಮಾಡಿಸುವ ಬಿಳಿ ಹೊಗೆ. ಬಿಸಿಲು ಬಂದರೆ ಹೋಗುವುದೇ ಅದರ ಧರ್ಮ.

"ಆ ಮಂಜು ಅಲ್ಲ. ಐಸ್."

"ಐಸಾ? ಆಕಾಶದಿಂದ?" ಮಲ್ಪೆ ಬಂದರಿನಲ್ಲಿ ಮೀನಿನ ಮೇಲೆ ಸುರಿಯುವ ಗಡ್ಡೆ ಗಡ್ಡೆ ಐಸ್ ಅವಳ ಕಣ್ಣಿಗೆ ಬಂದಿರಬೇಕು. "ಆಲಿಕಲ್ಲಾ?"

"ಅದೂ ಅಲ್ಲ."

"ಮತ್ತೆಂತ ಸಾವು ಅದು?"

ಮದುಮಗಳು ಹಾಗೆಲ್ಲ ಮಾತಾಡಬಾರದು ಎಂದು ಗದರಿದೆ. ಹಿಂದಿಯಲ್ಲಿ ಬರ್ಫ್ ಎಂದೆ, ಅದೂ ಐಸೇ ಆಯಿತು. ಅರಬಿಯಲ್ಲಿ ಸಲ್ಜ್ ಎಂದೆ, ಆಸ್ಪತ್ರೆಯ ಲಸಿಕೆ ಪೆಟ್ಟಿಗೆಗೆ ಬೆಟ್ಟದ ಕೆಳಗಿನ ನಿಜ್ವಾ ಪೇಟೆಯಿಂದ ಬರುವ ಐಸಿಗೂ ಅದೇ ಹೆಸರು. "ಸಲ್ಜ್ ಬುಧವಾರ ಬರ್ತದಾ? ಒಳ್ಳೇದಾಯ್ತು, ಇಲ್ಲಿ ಮುಗಿದಿತ್ತು" ಎಂದಳು! ನಾಲ್ಕು ಭಾಷೆಗಳಲ್ಲಿಯೂ ಸೋತು ಕೊನೆಗೆ, "ಕ್ರಿಸ್ಮಸ್ ಕಾರ್ಡಿನಲ್ಲಿ ಬೆಳ್ಳಗೆ ಇರ್ತದಲ್ಲ, ಅದು" ಎಂದೆ.

"ಓ, ಸ್ನೋ! ಅದನ್ನು ಮೊದಲೇ ಹೇಳ್ಬಾರ್ದಾ? ಅಯ್ಯೋ ಎಷ್ಟು ಚಂದ!" ಎಂದು ಖುಷಿಪಟ್ಟಳು. ಖುಷಿ ಅಷ್ಟಕ್ಕೇ ನಿಂತಿತು. ಬೆಟ್ಟದಿಂದ ಇಳಿಯುವ ಕಚ್ಚಾ ರಸ್ತೆಯ ತಿರುವುಗಳು ಅವಳ ಕಣ್ಣ ಮುಂದೆ ಬಂದವು ಎಂದು ನನಗೂ ಗೊತ್ತಾಯಿತು. ಅವಳು ತಗ್ಗಿದ ದನಿಯಲ್ಲಿ ಕೇಳಿದಳು, "ಎಷ್ಟು ಬೀಳ್ತದೆ ಶೆಟ್ರೇ?"

ಮರುದಿನ ಬೆಳಿಗ್ಗೆ ಹೇಳುತ್ತೇನೆ ಎಂದೆ. ಸುಮ್ಮನೆ ಇವತ್ತೇ ಇಳಿದು ಬಾ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಗುತ್ತಿರಲಿಲ್ಲ. ಅವಳ ಬದಲಿಗೆ ಬರುವ ನರ್ಸನ್ನು ನಿಜ್ವಾದಿಂದ ಬುಧವಾರ ಕಾರು ಕರೆತರುವುದು, ಅದೇ ಕಾರಿನಲ್ಲಿ ಇವಳು ಇಳಿಯುವುದು ಎಂದು ಗೊತ್ತಾಗಿತ್ತು. ಆಸ್ಪತ್ರೆಯ ಡಾಕ್ಟರು ಈಜಿಪ್ಟಿನವರು, ಕೆಟ್ಟವರಲ್ಲ. ರಸ್ತೆ ಮುಚ್ಚುವಷ್ಟು ಬೀಳುತ್ತದೆ ಎಂದು ಹವಾಮಾನದವರು ಹೇಳಿದರೆ ನಿಜ್ವಾಕ್ಕೆ ಫೋನು ಮಾಡಿ ಮಂಗಳವಾರವೇ ಕಾರು ತರಿಸುತ್ತೇನೆ, ಇಲ್ಲವಾದರೆ ಯಾವ ಮುಖ ಇಟ್ಟುಕೊಂಡು ಅವರನ್ನು ಅವಸರಿಸಲಿ ಎಂದಿದ್ದರು. ನ್ಯಾಯದ ಮಾತೇ. ಎಲ್ಲವೂ ಎಷ್ಟು ಎಂಬ ಒಂದು ಪದಕ್ಕೆ ಬಂದು ನಿಂತಿತ್ತು.

ಮಂಗಳವಾರ ಬೆಳಿಗ್ಗೆ ಇದ್ರೀಸ್ ಸಾಹೇಬರೂ ನಾನೂ ನಕ್ಷೆಯ ಮೇಲೆ ಬಗ್ಗಿ ಕುಳಿತೆವು. ಬೆಲೂನು ಹೇಳಿದ ಲೆಕ್ಕದಂತೆ ನೀರು ಹೆಪ್ಪುಗಟ್ಟುವ ಎತ್ತರ ಸರಿಯಾಗಿ ಆ ಆಸ್ಪತ್ರೆಯ ಮಾಡಿನ ಮಟ್ಟಕ್ಕೆ ಬಂದಿತ್ತು. ಒಂದು ಮಹಡಿ ಮೇಲಾದರೆ ಮಳೆ, ಒಂದು ಮಹಡಿ ಕೆಳಗಾದರೆ ಹಿಮ.

"ಹಿಮ ಬೀಳುತ್ತದೆ ಎನ್ನಲು ಧೈರ್ಯ ಇದ್ದರೆ ಸಾಕು, ಯಾ ಶೆಟ್ಟಿ. ಎಷ್ಟು ಎನ್ನಲು ಹುಚ್ಚು ಬೇಕು" ಎಂದರು ಅವರು, ಅರಬರಂತೆ ಹೆಸರಿಗೆ 'ಯಾ' ಸೇರಿಸಿ ಕರೆದು.

"ನಮ್ಮಲ್ಲಿ ಯಾರಿಗಿದೆ?"

"ನಾನು ಸಂಸಾರಸ್ಥ" ಎಂದು ನಕ್ಕು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು.

ನಾನೂ ಸಂಸಾರಸ್ಥನೇ. ಸೂತ್ರ ಹಾಕಿದೆ, ಫ್ರೀಜರಿನ ಅನುಭವ ಬೆರೆಸಿದೆ, ಬೆಚ್ಚಗಿನ ಬಂಡೆಗೆ ಒಂದಿಷ್ಟು ಕಳೆದೆ. ಎರಡು ಮೂರು ಸೆಂಟಿಮೀಟರ್ ಎಂದು ಬಂತು. ಇದ್ರೀಸ್ ಸಾಹೇಬರು ತಲೆದೂಗಿ "ಎತ್ತರದ ಜಾಗಗಳಲ್ಲಿ ಅಲ್ಪ ಹಿಮ" ಎಂದು ವರದಿ ಬರೆದರು. ಆಪ್ತನಾಗಿ ಅವಳಿಗೆ ಹೇಳಬೇಕಾದದ್ದು ಒಂದು, ಮುನ್ಸೂಚಕನಾಗಿ ಹೇಳಬೇಕಾದದ್ದು ಇನ್ನೊಂದು. ಲೆಕ್ಕವನ್ನು ಸ್ನೇಹಕ್ಕಾಗಿ ಉಬ್ಬಿಸಿದರೆ ನಾಳೆ ನನ್ನ ಮಾತನ್ನು ನಂಬುವವರಾರು? ಫೋನು ಎತ್ತಿದೆ.

"ಎರಡು ಮೂರು ಸೆಂಟಿಮೀಟರ್ ಐರಿನ್."

"ಇಲ್ಲಿ ಸ್ಕೇಲ್ ಹಿಡ್ಕೊಂಡು ಕೂತವರು ಯಾರಿದ್ದಾರೆ? ಕೈಯಲ್ಲಿ ಹೇಳಿ."

"ಒಂದು ಗೆಣ್ಣು."

ಅನ್ನಕ್ಕೆ ನೀರಿಡುವ ಮನೆಯಲ್ಲಿ ಹುಟ್ಟಿದವರಿಗೆ ಗೆಣ್ಣು ಏನೆಂದು ಹೇಳಬೇಕಾಗಿಲ್ಲ. ಅಕ್ಕಿಯ ಮೇಲೆ ಬೆರಳೂರಿ ಮೊದಲ ಗೆರೆಯವರೆಗೆ ನೀರು ಹೊಯ್ಯುವುದು ನಮ್ಮ ತಾಯಂದಿರ ಅಳತೆ. ಆದರೆ ಕನ್ನಡ ಎಂಥ ಕುಚೋದ್ಯದ ಭಾಷೆ ನೋಡಿ. ಗೆಣ್ಣು ಎನ್ನುವುದನ್ನು ತುಸು ಎಳೆದು ನುಡಿದರೆ ಗೇಣು ಆಗಿಬಿಡುತ್ತದೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಕೈ ಬಿಚ್ಚಿ ಹಿಡಿದಷ್ಟು ಉದ್ದ. ಒಂದು ಬಿದ್ದರೆ ರಸ್ತೆ ಒದ್ದೆ, ಇನ್ನೊಂದು ಬಿದ್ದರೆ ರಸ್ತೆಯೇ ಇಲ್ಲ.

"ಎಷ್ಟು ಹೇಳಿದ್ರಿ?" ಫೋನಿನಲ್ಲಿ ಸಿಡಿಯುವ ಸಾಸಿವೆಯ ಸದ್ದು.

"ಗೆಣ್ಣು! ಗೆಣ್ಣು!" ಎಂದು ಕೂಗಿದೆ. ಆಚೆ ಮೇಜಿನ ಮಲಯಾಳಿ ಮಿತ್ರ ಬೆಚ್ಚಿ ತಲೆ ಎತ್ತಿದ. "ಆಯ್ತು, ಆಯ್ತು" ಎಂದಳು ಐರಿನ್. ಫೋನು ಸತ್ತಿತು.

ಮಧ್ಯಾಹ್ನ ಇದ್ರೀಸ್ ಸಾಹೇಬರು ನನ್ನ ಮೇಜಿನ ಮುಂದೆ ಬಂದು ನಿಂತರು. ತಮ್ಮ ಉದ್ದ ಕೈಯನ್ನು ನನ್ನ ನಕ್ಷೆಯ ಮೇಲೆ ಅಂಗಾತ ಬಿಚ್ಚಿಟ್ಟರು. ಸುಡಾನಿನ ಗೇಣು, ಅರ್ಧ ಕೊಲ್ಲಿ ಮುಚ್ಚಿಹೋಯಿತು.

"ಶಿಬ್ರ್" ಎಂದರು. "ಅರಬಿಯಲ್ಲಿ ಇದಕ್ಕೆ ಶಿಬ್ರ್ ಎನ್ನುತ್ತಾರೆ. ಬೆಟ್ಟದ ಡಾಕ್ಟರು ಈಗ ಫೋನಿನಲ್ಲಿ ನನಗೆ ಧನ್ಯವಾದ ಹೇಳಿದರು. ನಿಮ್ಮ ಶೆಟ್ಟಿ ಒಂದು ಶಿಬ್ರ್ ಬೀಳುತ್ತದೆ ಎಂದು ಎಚ್ಚರಿಸಿದ್ದು ಒಳ್ಳೆಯದಾಯಿತು, ನಿಜ್ವಾದಿಂದ ಕಾರು ತರಿಸಿದೆ ಎಂದರು. ಯಾ ಶೆಟ್ಟಿ, ಬೆಳಿಗ್ಗೆ ನಾವು ಬರೆದದ್ದು ಅಲ್ಪ ಅಲ್ಲವೇ?"

ನನಗೆ ನಡೆದದ್ದು ಹೊಳೆಯಿತು. ಗೆಣ್ಣು ತಂತಿಯಲ್ಲಿ ಸಾಗುವಾಗ ಗೇಣಾಗಿ ಬೆಳೆದಿತ್ತು. ಎರಡೂ ಪದಗಳನ್ನು ಸಾಹೇಬರಿಗೆ ನುಡಿದು ತೋರಿಸಿದೆ, ಬೆರಳಿನ ಗೆರೆ ತೋರಿಸಿದೆ, ಕೈ ಬಿಚ್ಚಿ ತೋರಿಸಿದೆ. ಅವರು ಎರಡನ್ನೂ ಹೇಳಲು ಪ್ರಯತ್ನಿಸಿದರು. ಅವರ ಬಾಯಲ್ಲಿ ಎರಡೂ ಒಂದೇ ಆಗಿ ಬಂತು. ತಿದ್ದಿ ಹೇಳೋಣವೆಂದು ನಾನೇ ಆಸ್ಪತ್ರೆಗೆ ಫೋನು ಹಚ್ಚಿದೆ. ಬಹಳ ಹೊತ್ತಿನ ಮೇಲೆ ಸಿಕ್ಕಿತು. ಹೊಸ ನರ್ಸ್ ಬಂದಾಗಿದೆ, ಐರಿನ್ ಸಿಸ್ಟರ್ ಹೋಗಾಗಿದೆ ಎಂದರು.

"ಖಲಾಸ್" ಎಂದರು ಇದ್ರೀಸ್ ಸಾಹೇಬರು, ಕುರ್ಚಿಗೆ ಒರಗಿ. "ಇನ್ನು ನಮಗೆ ಉಳಿದದ್ದು ಪ್ರಾರ್ಥನೆ. ಆ ಶಿಬ್ರ್ ನಿಜವಾಗಲಿ ಎಂದು."

ಸಂಜೆ ಅಲ್ ಖುವೈರಿನ ನಮ್ಮ ಬಾಗಿಲಲ್ಲಿ ಐರಿನ್ ನಿಂತಿದ್ದಳು. ಧೂಳು ಕೂತ ಕೂದಲು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಬೆಟ್ಟದವರು ಮದುವೆಗೆಂದು ಕೊಟ್ಟ ಗುಲಾಬಿನೀರಿನ ಬಾಟಲಿಗಳು. ಅವಳನ್ನು ಕಂಡದ್ದೇ ನನಗೆ ಅಳು ಬರುವಷ್ಟು ಸಮಾಧಾನವಾಯಿತು, ಅದನ್ನು ಮುಚ್ಚಿಕೊಳ್ಳಲು ಗದರಿದೆ. "ನಾನು ಹೇಳಿದ್ದು ಗೆಣ್ಣು ಮಾರಾಯ್ತಿ. ಗೇಣಲ್ಲ."

"ಹೌದಾ? ಆ ಫೋನು ನಿಮಗೆ ಗೊತ್ತುಂಟಲ್ಲ" ಎಂದು ವಾರಿಜಳ ಕಡೆ ತಿರುಗಿ, "ಅಕ್ಕ, ಎಂತ ಸಾರು? ಬೀದಿಗೇ ಪರಿಮಳ ಬಂದಿತ್ತು" ಎಂದಳು.

"ಕೇಳಿದ್ದು ತಪ್ಪಾದ್ರೂ ಬಂದದ್ದು ಸರಿಯಾಯ್ತು ಬಿಡಿ" ಎಂದು ವಾರಿಜ ನನ್ನ ಬಾಯಿ ಮುಚ್ಚಿಸಿದಳು.

ಬುಧವಾರ ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಬಿಸಿಲು! ಕಣ್ಣು ಕೋರೈಸುವ, ಬಟ್ಟೆ ಒಣಗಿಸುವ, ಮುನ್ಸೂಚಕನ ಮಾನ ಹರಾಜು ಹಾಕುವ ಬಿಸಿಲು. ವಾರಿಜ ಬೆಡ್‌ಶೀಟುಗಳನ್ನೆಲ್ಲ ಒಗೆದು ಬಾಲ್ಕನಿಯಲ್ಲಿ ಹರಡಿದಳು. ನಾನು ಕಚೇರಿಯಲ್ಲಿ ಯಾರ ಮುಖವನ್ನೂ ನೋಡದೆ ಕುಳಿತೆ. ಒಂದು ದಿನ ಮೊದಲೇ ಬೆಟ್ಟ ಹತ್ತಿಸಿಕೊಂಡ ಆ ಹೊಸ ನರ್ಸ್ ನನ್ನನ್ನು ಯಾವ ಭಾಷೆಯಲ್ಲಿ ಬೈಯುತ್ತಿರಬಹುದು ಎಂದು ಯೋಚಿಸಿದೆ. ಹನ್ನೊಂದರ ಹೊತ್ತಿಗೆ ಸಮುದ್ರದ ಕಡೆಯ ಗಾಳಿ ಬದಲಾಯಿತು. ಆಮೇಲೆ ಬೆಟ್ಟದ ನೆತ್ತಿ ಕಾಣದಾಯಿತು. ಊಟದ ಹೊತ್ತಿಗೆ ಮಳೆ ಹೊಡೆಯತೊಡಗಿತು ನೋಡಿ, ನಮ್ಮ ಆಷಾಢವೇ ದಾರಿ ತಪ್ಪಿ ಬಂದ ಹಾಗೆ. ಹೈವೇಯ ಮೇಲೆ ನೀರು ಹರಿದು ಕಾರುಗಳು ಸಾಲುಗಟ್ಟಿ ನಿಂತವು. ಶಾಲೆಯಿಂದ ಬಿಟ್ಟ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಕುಣಿದವು. ವಾರಿಜಳ ಬೆಡ್‌ಶೀಟುಗಳು ಎರಡನೆಯ ಸಲ ಒಗೆಸಿಕೊಂಡವು.

ಬೆಟ್ಟದ ಮೇಲೆ ನಮ್ಮದೊಂದು ಸಣ್ಣ ಕೇಂದ್ರವಿತ್ತು. ಅಲ್ಲಿ ಹಮದ್ ಎಂಬ ಒಮಾನಿ ಗೆಳೆಯ ದಿನಕ್ಕೆ ಕೆಲವು ಸಲ ಉಷ್ಣತೆ, ಗಾಳಿ, ಮಳೆ ನೋಡಿ ಹೇಳುತ್ತಿದ್ದ. ಹಿಮ ಅಳೆಯುವ ಸಲಕರಣೆ ಅವನಲ್ಲಿ ಇರಲಿಲ್ಲ, ಬೇಕಾದೀತು ಎಂದು ಯಾರು ಕಂಡಿದ್ದರು? ಮಧ್ಯಾಹ್ನದ ಮೇಲೆ ಅವನ ಫೋನು ಬಂತು. ಇದ್ರೀಸ್ ಸಾಹೇಬರು ಕಿವಿಗೆ ಹಿಡಿದು "ಎಷ್ಟು?" ಎಂದು ಕೇಳಿದರು. ಅವರ ಹುಬ್ಬು ಮೇಲೇರಿತು. ಫೋನನ್ನು ನನ್ನ ಕಿವಿಗೆ ಕೊಟ್ಟರು. ಅತ್ತ ಕಡೆ ಹಮದ್ ಮಗುವಿನ ಹಾಗೆ ಕೂಗುತ್ತಿದ್ದ, "ಶಿಬ್ರ್! ವಲ್ಲಾಹಿ, ಶಿಬ್ರ್!" ದೇವರಾಣೆಗೂ ಗೇಣು ಎಂದು.

ಸಾಹೇಬರು ಅಷ್ಟಕ್ಕೇ ಬಿಡುವವರಲ್ಲ. ಫೋನು ಮರಳಿ ಕಸಿದುಕೊಂಡು, ಎಲ್ಲಿ ಅಳೆದೆ ಎಂದು ಕೇಳಿದರು. ಗೋಡೆಯ ಹತ್ತಿರ ಎಂದ ಹಮದ್. ಗಾಳಿ ಗುಡಿಸಿ ತಂದು ಅಲ್ಲಿ ಒಟ್ಟಿತ್ತು. ಅಂಗಳದ ನಡುವೆ ಹೋಗಿ ಅಳೆದು ಬಾ ಎಂದರು. ಅವನು ಹೋಗಿ ಬಂದು ಹೇಳಿದ್ದನ್ನು ಕೇಳಿ ಸಾಹೇಬರು ಗಟ್ಟಿಯಾಗಿ ನಗತೊಡಗಿದರು. ನಗುತ್ತಲೇ ತಮ್ಮ ತೋರುಬೆರಳು ಎತ್ತಿ, ಮೊದಲ ಗೆರೆಯನ್ನು ನನಗೆ ತೋರಿಸಿದರು. ಅಂಗಳದ ನಡುವೆ ಗೆಣ್ಣು, ಗೋಡೆಯ ಬುಡದಲ್ಲಿ ಗೇಣು. ಇದನ್ನೇ ನೋಡಿ ಹಿಮದ ಲೆಕ್ಕ ಎನ್ನುವುದು. ಎಷ್ಟು ಬೀಳುತ್ತದೆ ಎಂದು ಹೇಳುವುದು ಕಷ್ಟ, ಬಿದ್ದ ಮೇಲೆ ಎಷ್ಟು ಬಿತ್ತು ಎಂದು ಹೇಳುವುದು ಇನ್ನೂ ಕಷ್ಟ. "ಯಾವುದನ್ನು ಬರೆಯಲಿ?" ಎಂದು ಕೇಳಿದೆ. "ಎರಡನ್ನೂ ಬರೆ. ಇವತ್ತು ಸತ್ಯಕ್ಕೆ ಎರಡು ಅಳತೆ" ಎಂದರು.

ರಸ್ತೆಗೆ ಮಾತ್ರ ಗೆಣ್ಣು ಗೇಣುಗಳ ಭೇದ ಗೊತ್ತಿರಲಿಲ್ಲ. ತಿರುವುಗಳಲ್ಲೆಲ್ಲ ಗಾಳಿ ಹಿಮವನ್ನು ಒಟ್ಟಿತ್ತು, ಬೆಟ್ಟದ ಬುಡದ ಹಳ್ಳ ಕೆಂಪಗೆ ತುಂಬಿ ಹರಿಯಿತು. ಶನಿವಾರದವರೆಗೆ ಒಂದು ಕಾರೂ ಇಳಿಯಲಿಲ್ಲ, ಹತ್ತಲಿಲ್ಲ. ಬುಧವಾರ ಇಳಿಯುತ್ತೇನೆ ಎಂದು ಕುಳಿತವರು ಕುಳಿತಲ್ಲೇ ಉಳಿಯುತ್ತಿದ್ದರು.

ಗುರುವಾರ ಸಂಜೆ ಮಳೆ ತೊಳೆದ ಆಕಾಶದಲ್ಲಿ ಐರಿನ್‌ಳ ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು. "ಅವಳಿಗೀಗ ಸ್ವರ್ಗಕ್ಕೆ ಮೂರೇ ಗೇಣು" ಎಂದಳು ವಾರಿಜ, ಕಣ್ಣೊರೆಸಿಕೊಂಡು. ಒಂದು ಗೇಣನ್ನು ಆಗಲೇ ಬೆಟ್ಟದಲ್ಲಿ ಬಿಟ್ಟು ಬಂದಿದ್ದಾಳಲ್ಲ, ಉಳಿದದ್ದು ಎರಡೇ ಎಂದೆ. ಕೆಲವು ವಾರಗಳ ಮೇಲೆ ಫೋಟೊ ಬಂತು. ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದ್ದರೂ ಐರಿನ್ ಕಣ್ಣು ಮುಚ್ಚಿರಲಿಲ್ಲ, ಬಾಯ್ತುಂಬ ನಗುತ್ತಿದ್ದಳು.

ಈ ಕಥೆಯನ್ನು ನಾನು ಆಮೇಲೆ ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ರಾಜ್ಯೋತ್ಸವದ ಊಟದಲ್ಲಿ, ಯಾರದೋ ಗೃಹಪ್ರವೇಶದಲ್ಲಿ, ಅಲ್ ಮಬೇಲಾದ ಗ್ಯಾರೇಜಿನಲ್ಲಿ ಕಾರಿನ ರಿಪೇರಿಗೆ ಕಾಯುವಾಗ. ತಂತಿಯಲ್ಲಿ ತಪ್ಪಿಹೋದ ಒಂದು ಸ್ವರ ಒಂದು ಮದುವೆಯನ್ನು ಉಳಿಸಿದ ಕಥೆ ಎಂದು ಶುರು ಮಾಡಿದರೆ, "ಶೆಟ್ರೇ, ಇದು ಕೇಳಿದ್ದೇ" ಎಂದು ಎದ್ದು ಹೋಗುವವರೂ ಇದ್ದರು.

ಮದುವೆಯಾಗಿ ಊರಲ್ಲೇ ಉಳಿದಿದ್ದ ಐರಿನ್ ತೊಂಬತ್ತರ ದಶಕ ಅರ್ಧ ಕಳೆದಾಗ ಮತ್ತೆ ಒಮಾನಿಗೆ ಬಂದಳು. ಈ ಸಲ ಒಳನಾಡಿನ ಇಬ್ರಿಯ ಆಸ್ಪತ್ರೆಗೆ. ಲ್ಯಾನ್ಸಿಗೂ ಅಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವರ ಮಗಳು ಶೈನಿಗೆ ಆರು ವರ್ಷ. ಒಂದು ಶುಕ್ರವಾರ ನಾವು ಅವರಲ್ಲಿಗೆ ಊಟಕ್ಕೆ ಹೋದೆವು. ತಟ್ಟೆಯ ಮುಂದೆ ಕುಳಿತ ಮೇಲೆ ನನ್ನ ನಾಲಿಗೆ ಸುಮ್ಮನಿದ್ದೀತೇ? ಕಥೆಯ ನಾಯಕಿಯ ಎದುರಲ್ಲೇ ಕಥೆ ಹೇಳಿದೆ. ಕೊನೆಗೆ ಬಂದಾಗ ಶೈನಿ ಕೇಳಿದಳು, "ಬಟ್ ಅಂಕಲ್, ಮಮ್ಮಿಗೆ ಯಾಕೆ ರಾಂಗ್ ಕೇಳ್ತು?"

ಐರಿನ್ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. "ರಾಂಗ್ ಕೇಳ್ಲಿಲ್ಲ ಮಗಾ" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ಶೆಟ್ರೇ, ನನಗೆ ಸರೀ ಕೇಳಿತ್ತು. ಗೆಣ್ಣು ಅಂತಲೇ. ಮೂರು ಸಲ ಹೇಳಿದ್ರಿ ನೀವು."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಮತ್ತೆ ಡಾಕ್ಟರಿಗೆ?"

"ಡಾಕ್ಟರು ಎದುರಿಗೇ ನಿಂತಿದ್ರು. ಎಷ್ಟಂತೆ ಅಂತ ಕೇಳಿದ್ರು. ಬೆರಳು ತೋರಿಸ್ಲಿಕ್ಕೆ ಅಂತಲೇ ನಾನು ಕೈ ಎತ್ತಿದ್ದು. ಹುಟ್ಟಿದಲ್ಲಿಂದ ಎಲ್ಲರ ಹತ್ರ ಬೆರಳಷ್ಟೇ ಕೇಳಿ ಅಭ್ಯಾಸ ನನಗೆ. ಆದ್ರೆ ಆವತ್ತು ಕೈ ತನ್ನಷ್ಟಕ್ಕೇ ಅಗಲ ಆಯ್ತು ಮಾರಾಯ್ರೆ. ನಾನು ತಡಿಲಿಲ್ಲ. ಅಷ್ಟೇ."

ಲ್ಯಾನ್ಸಿಗೂ ಅದು ಹೊಸ ಸುದ್ದಿ ಎಂದು ಅವನ ಮುಖ ಹೇಳುತ್ತಿತ್ತು. ಅವನು ಹೆಂಡತಿಯನ್ನು ಆ ದಿನ ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಶೈನಿ ಆಗಲೇ ತನ್ನ ಪುಟ್ಟ ಕೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು, "ಇಷ್ಟಾ ಮಮ್ಮಿ?" ಎಂದು ಕೇಳುತ್ತಿದ್ದಳು.

ಐರಿನ್ ಬಗ್ಗಿ ಅವಳ ಹೆಬ್ಬೆರಳನ್ನೂ ಕಿರುಬೆರಳನ್ನೂ ಹಿಡಿದು ಮೆಲ್ಲನೆ ಎಳೆದಳು. "ಇನ್ನೂ ಅಗಲ ಮಾಡು. ಆಗ್ತದೆ, ಇನ್ನೂ ಆಗ್ತದೆ" ಎಂದಳು. ಲ್ಯಾನ್ಸಿ ತನ್ನ ತಟ್ಟೆಯನ್ನು ಬದಿಗೆ ಸರಿಸಿ ಮಗಳ ಕೈಗೆ ಜಾಗ ಮಾಡಿಕೊಟ್ಟ.